ಫ್ರೆಂಚ್ ಅರ್ಹತಾ ಪರೀಕ್ಷೆಗಳು: ಓದಿಗೊಂದು, ನೆಲೆಸುವುದಕ್ಕೊಂದು

ಮಾನ್ಯ ಕೇಳುಗರೆ, ನಮಸ್ಕಾರ. ಫ್ರಾನ್ಸಿನಲ್ಲಿ ಓದಬೇಕೆಂದೋ ಕೆನಡಾದಲ್ಲಿ ನೆಲೆಸಬೇಕೆಂದೋ ಫ್ರೆಂಚ್ ಕಲಿಯುತ್ತಿರುವವರು, ಪರೀಕ್ಷಾ ಶುಲ್ಕ ಕಟ್ಟುವ ಮೊದಲು, ತಾವು ಹೋಗಲಿರುವ ದೇಶ ಯಾವ ಪ್ರಮಾಣಪತ್ರವನ್ನು ಒಪ್ಪುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಲೇಬೇಕು.

ಯುರೋಪಿನ ಭಾಷಾ ಮಾನದಂಡದಲ್ಲಿ ಆರಂಭಿಕರ ಎ1ರಿಂದ ಅತ್ಯುನ್ನತವಾದ ಸಿ2ರವರೆಗೆ, ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮಟ್ಟಗಳಿವೆ. ಫ್ರೆಂಚ್ ಮಾಧ್ಯಮದಲ್ಲಿ ಪದವಿ ಓದಬಯಸುವವರಿಂದ ಫ್ರಾನ್ಸಿನ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಬಿ2 ಮಟ್ಟವನ್ನು, ಕೆಲವೆಡೆ ಸಿ1 ಮಟ್ಟವನ್ನು ನಿರೀಕ್ಷಿಸುತ್ತವೆ. ಇಂಗ್ಲಿಷಿನಲ್ಲಿ ಬೋಧಿಸುವ ಕೋರ್ಸುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಬಿ2 ಸಣ್ಣ ಗುರಿಯಲ್ಲ. ಡೆಲ್ಫ್ ಎಂಬುದು ಫ್ರಾನ್ಸ್ ಸರ್ಕಾರದ ಫ್ರೆಂಚ್ ಭಾಷಾ ಪ್ರಮಾಣಪತ್ರ. ಅದರ ಬಿ2 ಪರೀಕ್ಷೆಯಲ್ಲಿ ಆಲಿಸುವಿಕೆ, ಓದು, ಬರವಣಿಗೆ, ಮಾತು ಇವಕ್ಕೆ ತಲಾ 25 ಅಂಕಗಳಿದ್ದು, ಒಟ್ಟು 50 ಗಳಿಸಿದವರು ತೇರ್ಗಡೆಯಾಗುತ್ತಾರೆ. ಆದರೆ ಯಾವುದೇ ಒಂದು ವಿಭಾಗದಲ್ಲಿ 5ಕ್ಕಿಂತ ಕಡಿಮೆ ಬಂದರೆ ಉಳಿದ ಅಂಕಗಳು ಕೈಹಿಡಿಯವು. ಒಂದು ನಿಲುವನ್ನು ತಳೆದು ಅದನ್ನು ಸಮರ್ಥಿಸುವಂತೆ ಸುಮಾರು 250 ಪದಗಳಲ್ಲಿ ಬರೆಯಬೇಕು. ಮೌಖಿಕದಲ್ಲಿ ಅಭಿಪ್ರಾಯ ಮಂಡಿಸಿ, ಪರೀಕ್ಷಕರು ಎತ್ತುವ ಆಕ್ಷೇಪಗಳಿಗೆ ಅಲ್ಲಿಯೇ ಉತ್ತರಿಸಬೇಕು. ನಮ್ಮ ಪಿಯುಸಿಯಲ್ಲಿ ಫ್ರೆಂಚನ್ನು ಭಾಷಾ ವಿಷಯವಾಗಿ ಆರಿಸಿಕೊಂಡು ಒಳ್ಳೆಯ ಅಂಕ ಪಡೆದವರು ಆ ಅಂಕಗಳನ್ನೇ ನೆಚ್ಚಿಕೊಳ್ಳಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ವ್ಯಾಕರಣದಷ್ಟೇ ಶ್ರದ್ಧೆಯಿಂದ ಕಿವಿಯನ್ನೂ ನಾಲಿಗೆಯನ್ನೂ ಮೊದಲಿನಿಂದಲೇ ಪಳಗಿಸಬೇಕು.

ಫ್ರಾನ್ಸಿನಲ್ಲಿಯೇ ನೆಲೆಸಬಯಸುವವರಿಗೆ ನಿಯಮಗಳು ಬಿಗಿಯಾಗಿವೆ. 2024ರ ಜನವರಿಯ ವಲಸೆ ಕಾಯಿದೆಯ ಪ್ರಕಾರ, 2026ರ ಜನವರಿಯಿಂದ ಹತ್ತು ವರ್ಷಗಳ ನಿವಾಸಪತ್ರಕ್ಕೆ ಎ2 ಬದಲು ಬಿ1, ಪೌರತ್ವಕ್ಕೆ ಬಿ1 ಬದಲು ಬಿ2 ಮಟ್ಟ ಬೇಕು. ವಿಶ್ವವಿದ್ಯಾಲಯ ಪ್ರವೇಶಕ್ಕೆ ಕೇಳುವ ಮಟ್ಟವನ್ನೇ ಹೋಟೆಲಿನ ಅಡುಗೆಮನೆಯಲ್ಲಿ, ಕಟ್ಟಡದ ಕೆಲಸದಲ್ಲಿ ದಿನವಿಡೀ ದುಡಿಯುವವರಿಂದಲೂ ಕೇಳುವುದು ನನಗೆ ಕಠಿಣವೆನಿಸುತ್ತದೆ. ದುಡಿದು ದಣಿದವರಿಗೆ ತರಗತಿಗೆ ಹೋಗಲು ಬಿಡುವಾದರೂ ಎಲ್ಲಿಂದ ಬರಬೇಕು?

ಕೆನಡಾದ ಲೆಕ್ಕವೇ ಬೇರೆ. ಡೆಲ್ಫ್ ಪ್ರಮಾಣಪತ್ರ ಜೀವನಪೂರ್ತಿ ಮಾನ್ಯವಾಗಿದ್ದರೂ ಕಾಯಂ ನೆಲೆಸಬಯಸುವ ನುರಿತ ಕೆಲಸಗಾರರನ್ನು ಅಂಕಗಳ ಆಧಾರದಲ್ಲಿ ಆರಿಸುವ ಅಲ್ಲಿನ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆ ಅದನ್ನು ಪರಿಗಣಿಸುವುದಿಲ್ಲ. ಕೆನಡಾ ವಲಸೆಗೆಂದೇ ಇರುವ ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಎಂಬ ಫ್ರೆಂಚ್ ಪರೀಕ್ಷೆಯ ಫಲಿತಾಂಶವನ್ನೇ ಸಲ್ಲಿಸಬೇಕು. ನಾಲ್ಕೂ ಕೌಶಲಗಳಲ್ಲಿ ಕೆನಡಾದ ಮಾನದಂಡದ 7ನೆಯ ಮಟ್ಟ ತಲುಪಿದವರಿಗೆ, ಇಂಗ್ಲಿಷಿನ ಮಟ್ಟವನ್ನು ನೋಡಿಕೊಂಡು, 25 ಅಥವಾ 50 ಹೆಚ್ಚುವರಿ ಅಂಕಗಳು ದೊರೆಯುತ್ತವೆ. 2023ರಿಂದ ಇಂಥವರಿಗೆಂದೇ ಪ್ರತ್ಯೇಕ ಆಯ್ಕೆ ಸುತ್ತುಗಳೂ ನಡೆಯುತ್ತಿವೆ. ಆದರೆ ಟೆಫ್, ಟಿಸಿಎಫ್ ಫಲಿತಾಂಶಕ್ಕೆ ಎರಡೇ ವರ್ಷಗಳ ಆಯುಸ್ಸು. ಅರ್ಜಿ ಸಲ್ಲಿಸುವ ದಿನವೂ ಅದು ಊರ್ಜಿತವಾಗಿರಬೇಕಾದ್ದರಿಂದ, ಭಾಷೆ ಬಲಿತ ಮೇಲೆಯೇ, ಇತರ ಕಾಗದಪತ್ರಗಳು ಸಿದ್ಧವಾಗುವ ಹೊತ್ತಿಗೆ ಸರಿಯಾಗಿ, ಪರೀಕ್ಷೆಯ ದಿನವನ್ನು ಗೊತ್ತುಮಾಡಿಕೊಳ್ಳುವುದು ಲೇಸು. ನಮಸ್ಕಾರ.