ಬಂದೂಕಿನ ಹಿಂದೆ ಬರುವ ರಸೀದಿ ಪುಸ್ತಕ

ಎಲ್ಲರಿಗೂ ನಮಸ್ಕಾರ.

ಒಂದು ಊರು ಬಂಡುಕೋರರ ಕೈಗೆ ಹೋಯಿತು ಅಂತ ಸುದ್ದಿ ಬಂದಾಗ ನಮಗೆ ಟಿವಿಯಲ್ಲಿ ಕಾಣುವುದು ಬಂದೂಕು, ಬಾವುಟ, ಜೀಪಿನ ಮೇಲೆ ನಿಂತ ಹುಡುಗರು. ಮರುದಿನದಿಂದ ಅಲ್ಲಿ ಏನು ನಡೆಯುತ್ತದೆ ಅಂತ ಯಾರೂ ತೋರಿಸುವುದಿಲ್ಲ. ಕಸ ಎತ್ತುವವರು ಯಾರು? ಮೇಷ್ಟ್ರಿಗೆ ಸಂಬಳ ಎಲ್ಲಿಂದ? ಜಮೀನಿನ ತಕರಾರು ಯಾರ ಮುಂದೆ ಇತ್ಯರ್ಥವಾಗುತ್ತದೆ? ಇವತ್ತು ನಾನು ಮಾತಾಡುವುದು ಈ ಮರುದಿನದ ಬಗ್ಗೆ.

ಊರು ಹಿಡಿಯುವ ಕೆಲಸ ಹೊರಗಿನವರಿಗೆ ದಿಢೀರ್ ಅಂತ ಆದ ಹಾಗೆ ಕಾಣುತ್ತದೆ. 2021ರ ಆಗಸ್ಟ್ 6ರಂದು ಅಫ್ಘಾನಿಸ್ತಾನದ ಜರಂಜ್ ನಗರ ತಾಲಿಬಾನ್ ಕೈಗೆ ಬಿತ್ತು. 15ರಂದು ತಾಲಿಬಾನ್ ಕಾಬೂಲ್‌ನಲ್ಲಿತ್ತು. ಆದರೆ ಹಳ್ಳಿಗಾಡಿನಲ್ಲಿ ಅವರು ಎಷ್ಟೋ ವರ್ಷಗಳಿಂದ ತಮ್ಮದೇ ಗವರ್ನರ್‌ಗಳನ್ನು, ನ್ಯಾಯಾಧೀಶರನ್ನು ನೇಮಿಸಿಕೊಂಡು ಕೂತಿದ್ದರು. ಇರಾಕಿನ ಮೊಸುಲ್‌ನಲ್ಲೂ ಹಾಗೇ. 2014ರ ಜೂನ್‌ನಲ್ಲಿ ಐಸಿಸ್ ಆ ನಗರವನ್ನು ಕೆಲವೇ ದಿನಗಳಲ್ಲಿ ವಶಮಾಡಿಕೊಂಡಿತು. ಆದರೆ ಅದಕ್ಕೂ ಎಷ್ಟೋ ಮೊದಲೇ ಅಲ್ಲಿನ ವ್ಯಾಪಾರಿಗಳು, ಗುತ್ತಿಗೆದಾರರು ಅವರಿಗೆ ಹಫ್ತಾ ಕೊಡುತ್ತಿದ್ದರು. ಬಾವುಟ ಹಾರುವುದು ಕೊನೆಗೆ. ವಸೂಲಿ ಶುರುವಾಗುವುದು ಮೊದಲು.

ಇವರು ಒಳಗೆ ಬರುವುದು ಯಾವ ಬಾಗಿಲಿನಿಂದ? ಹೆಚ್ಚಿನ ಕಡೆ ನ್ಯಾಯದ ಬಾಗಿಲಿನಿಂದ ಅಂತ ನನಗನಿಸುತ್ತದೆ. ಅಫ್ಘಾನಿಸ್ತಾನದ ಹಳ್ಳಿಯಲ್ಲಿ ಇಬ್ಬರು ರೈತರಿಗೆ ನೀರಿನ ಕಾಲುವೆಗೋ ಬದುವಿಗೋ ಜಗಳ ಬಂತು ಅಂದುಕೊಳ್ಳಿ. ಸರ್ಕಾರಿ ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆದಾಟ, ಮೆಟ್ಟಿಲು ಮೆಟ್ಟಿಲಿಗೂ ಲಂಚ. ತಾಲಿಬಾನ್ ನ್ಯಾಯಾಧೀಶ ಎರಡೂ ಕಡೆಯವರನ್ನು ಕರೆಸಿ, ಕಾಗದ ಪತ್ರ ನೋಡಿ, ಸಾಕ್ಷಿ ಕೇಳಿ, ಬೇಗ ತೀರ್ಪು ಕೊಡುತ್ತಿದ್ದ. ಸೋತವನೂ ಒಪ್ಪಲೇಬೇಕು, ಯಾಕೆಂದರೆ ತೀರ್ಪಿನ ಹಿಂದೆ ಬಂದೂಕು ಇದೆ. ಆ ನ್ಯಾಯದಲ್ಲಿ ಹೆಣ್ಣಿನ ಮಾತಿಗೆ ಎಷ್ಟು ಬೆಲೆ ಇತ್ತು, ಶಿಕ್ಷೆ ಎಷ್ಟು ಕ್ರೂರವಾಗಿತ್ತು ಅಂತ ನಮಗೆಲ್ಲ ಗೊತ್ತು. ಆದರೂ ಜನ ಹೋಗುತ್ತಿದ್ದರು. ತಾಲಿಬಾನ್ ಅಂದರೆ ಆಗದವರೂ ಹೋಗುತ್ತಿದ್ದರು.

ಇನ್ನು ತೆರಿಗೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸೊಮಾಲಿಯಾದ ಹೆದ್ದಾರಿಯಲ್ಲಿ ಒಂದು ಲಾರಿ ಸರಕು ತುಂಬಿಕೊಂಡು ಹೊರಟಿದೆ. ದಾರಿಯಲ್ಲಿ ಅಲ್-ಶಬಾಬ್ ಎಂಬ ಬಂಡುಕೋರ ಗುಂಪಿನ ಚೆಕ್‌ಪೋಸ್ಟ್. ಲಾರಿಯ ಗಾತ್ರ, ಸರಕಿನ ಬಗೆ ನೋಡಿ ದರ ಹೇಳುತ್ತಾರೆ. ಡ್ರೈವರ್ ದುಡ್ಡು ಕೊಡುತ್ತಾನೆ, ಅವರು ರಸೀದಿ ಬರೆದುಕೊಡುತ್ತಾರೆ. ಅವರದೇ ಮುಂದಿನ ಚೆಕ್‌ಪೋಸ್ಟ್‌ನಲ್ಲಿ ಆ ಚೀಟಿ ತೋರಿಸಿದರೆ ಸಾಕು, ಬಿಟ್ಟುಬಿಡುತ್ತಾರೆ. ಸರ್ಕಾರದ ಕಡೆಯ ಸೈನಿಕರು ನಿಂತಿರುವ ರಸ್ತೆಯಲ್ಲಿ ಒಂದೊಂದು ಕಡೆಯೂ ಬೇರೆ ಬೇರೆ ಕೈಗೆ ದುಡ್ಡು ಕೊಡಬೇಕು, ರಸೀದಿಯ ಮಾತೇ ಇಲ್ಲ. ಡ್ರೈವರ್ ಯಾವ ದಾರಿ ಹಿಡಿಯುತ್ತಾನೆ? ಅವನಿಗೆ ಸಿದ್ಧಾಂತ ಬೇಕಿಲ್ಲ, ಲೆಕ್ಕ ಗೊತ್ತಿದ್ದರೆ ಸಾಕಲ್ವಾ? 2011ರ ಆಗಸ್ಟ್‌ನಲ್ಲಿ ಈ ಗುಂಪು ರಾಜಧಾನಿ ಮೊಗದಿಶುವಿನಿಂದ ಹಿಂದೆ ಸರಿಯಿತು. ಮರುವರ್ಷ ಕಿಸ್ಮಾಯೊ ಬಂದರೂ ಕೈಬಿಟ್ಟಿತು. ಅಷ್ಟಾದ ಮೇಲೂ ಮೊಗದಿಶು ಬಂದರಿಗೆ ಬರುವ ಸರಕಿನ ಮೇಲೆ ಅವರ ವಸೂಲಿ ನಡೆದೇ ಇತ್ತು. ನೆಲ ಸರ್ಕಾರದ್ದು, ಸುಂಕ ಅವರದ್ದು. ನಕ್ಷೆಯಲ್ಲಿ ಬಣ್ಣ ಬಳಿದು ಇದು ಇವರ ಪ್ರದೇಶ, ಅದು ಅವರ ಪ್ರದೇಶ ಅಂತ ತೋರಿಸುವುದನ್ನು ನಾನು ಪೂರ್ತಿ ನಂಬದಿರುವುದು ಅದಕ್ಕೇ.

ಉತ್ತರ ಶ್ರೀಲಂಕಾದ ಕಿಲಿನೊಚ್ಚಿಯಲ್ಲಿ, ಪ್ರತ್ಯೇಕ ತಮಿಳು ದೇಶಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಇನ್ನೂ ಮುಂದೆ ಹೋಗಿತ್ತು. ತಮ್ಮದೇ ಪೊಲೀಸ್, ಕೋರ್ಟು, ಬ್ಯಾಂಕು. 2002ರ ಕದನವಿರಾಮದ ನಂತರ ಎ-9 ಹೆದ್ದಾರಿಯಲ್ಲಿ ಬರುವ ಸರಕಿಗೆ ಸುಂಕ. ಆದರೆ ಅದೇ ಪ್ರದೇಶದ ಶಾಲಾ ಶಿಕ್ಷಕರಿಗೆ, ಸರ್ಕಾರಿ ಡಾಕ್ಟರ್‌ಗಳಿಗೆ ಸಂಬಳ ಬರುತ್ತಿದ್ದದ್ದು ಕೊಲಂಬೊ ಸರ್ಕಾರದಿಂದ! ಮೊಸುಲ್‌ನಲ್ಲೂ ಬಾಗ್ದಾದ್ ಸರ್ಕಾರ 2015ರವರೆಗೆ ನೌಕರರಿಗೆ ಸಂಬಳ ಕಳಿಸುತ್ತಿತ್ತು, ಐಸಿಸ್ ಅದರಲ್ಲಿ ಪಾಲು ಕಿತ್ತುಕೊಳ್ಳುತ್ತಿತ್ತು. ಬಂಡುಕೋರರು ಸರ್ಕಾರವನ್ನು ಬುಡಸಮೇತ ಕಿತ್ತುಹಾಕುತ್ತಾರೆ ಅನ್ನುವುದು ಸುಮ್ನೆ ಮಾತು. ನೀರು ಬಿಡುವವನು, ಕರೆಂಟ್ ರಿಪೇರಿ ಮಾಡುವವನು, ಹೆರಿಗೆ ಮಾಡಿಸುವ ನರ್ಸ್, ಎಲ್ಲರೂ ಹಳಬರೇ. ಮೇಲೆ ಕೂತ ಯಜಮಾನ ಮಾತ್ರ ಹೊಸಬ.

ಇಷ್ಟು ಕೇಳಿ, ಇವರ ಆಡಳಿತ ಪರವಾಗಿಲ್ಲ ಅಂತ ದಯವಿಟ್ಟು ತಿಳಿಯಬೇಡಿ. 1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಉತ್ತರ ಪ್ರಾಂತ್ಯದ ಮುಸ್ಲಿಮರನ್ನೆಲ್ಲ ಮನೆ ಮಠ ಬಿಡಿಸಿ ಹೊರಗಟ್ಟಿತು. ಆಮೇಲಾಮೇಲೆ ಮನೆ ಮನೆಯಿಂದ ಮಕ್ಕಳನ್ನು ಪಡೆಗೆ ಎಳೆದೊಯ್ಯಿತು. ರಸೀದಿ ಕೊಡುವ ಅದೇ ಅಲ್-ಶಬಾಬ್, ದುಡ್ಡು ಕೊಡದವರನ್ನು ಕೊಲ್ಲುತ್ತದೆ. ಇವರ ಲೆಕ್ಕಪತ್ರ ಅಚ್ಚುಕಟ್ಟಾಗಿದ್ದಷ್ಟೂ ತಪ್ಪಿಸಿಕೊಳ್ಳುವುದು ಕಷ್ಟ. ಯಾರ ಮನೆಯಲ್ಲಿ ಎಷ್ಟು ಜನ, ಎಷ್ಟು ಕುರಿ, ಎಷ್ಟು ಮಕ್ಕಳು ಅಂತ ಅವರಿಗೆ ಗೊತ್ತಿರುತ್ತದೆ.

ಇಲ್ಲಿಗೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ತೆರಿಗೆ ಕಟ್ಟಿದವನನ್ನು ಬೆಂಬಲಿಗ ಅಂತ ಕರೆಯಬಾರದು. ಅವರ ಕೋರ್ಟಿಗೆ ಹೋದವನನ್ನೂ ಹಾಗೆ ಕರೆಯಬಾರದು. ಆದರೆ ಗುಂಪು ಸೋತ ಮೇಲೆ ಎಲ್ಲ ಕಡೆ ಆಗುವುದು ಅದೇ. 2009ರಲ್ಲಿ, ಯುದ್ಧದ ಕೊನೆಗೆ, ಉತ್ತರ ಶ್ರೀಲಂಕಾದ ವನ್ನಿ ಪ್ರದೇಶದ ಜನರನ್ನು ಎಲ್‌ಟಿಟಿಇ ಹೊರಗೆ ಹೋಗಲು ಬಿಡದೆ ಗುರಾಣಿ ಮಾಡಿಕೊಂಡಿತು. ಇನ್ನೊಂದು ಕಡೆಯಿಂದ ಸೇನೆಯ ಶೆಲ್ ದಾಳಿ. ಬದುಕಿ ಬಂದ ಎರಡೂವರೆ ಲಕ್ಷಕ್ಕೂ ಜಾಸ್ತಿ ಜನರನ್ನು ಸರ್ಕಾರ ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿತು.

ಇರಾಕಿನಲ್ಲಿ ಇದಕ್ಕೆ ಒಂದು ಕಾಗದದ ರೂಪವಿದೆ. ಐಸಿಸ್ ಕಾಲದಲ್ಲಿ ಹುಟ್ಟಿದ ಮಕ್ಕಳಿಗೆ ಸಿಕ್ಕಿದ್ದು ಐಸಿಸ್ ಮೊಹರಿನ ಜನನ ಪತ್ರ. 2017ರ ಜುಲೈನಲ್ಲಿ ಸರ್ಕಾರ ಮೊಸುಲ್ ಮರಳಿ ಪಡೆದ ಮೇಲೆ ಆ ಪತ್ರಕ್ಕೆ ಬೆಲೆ ಇಲ್ಲ. ಇಟ್ಟುಕೊಂಡರೆ ಅನುಮಾನ, ಸುಟ್ಟರೆ ಸಾಕ್ಷಿಯೇ ಇಲ್ಲ. ಹೊಸ ಪತ್ರಕ್ಕೆ ತಂದೆಯ ದಾಖಲೆ ಬೇಕು, ಭದ್ರತಾ ಇಲಾಖೆಯ ಒಪ್ಪಿಗೆ ಬೇಕು. ತಂದೆ ಸತ್ತಿದ್ದರೆ, ಕಾಣೆಯಾಗಿದ್ದರೆ ತಾಯಿ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಪತ್ರವಿಲ್ಲದ ಮಗುವಿಗೆ ಶಾಲೆ ಸೇರುವುದೂ ಕಷ್ಟ.

ಇದಕ್ಕೆ ದಾರಿ ಇಲ್ಲವೇ? ಇದೆ. ದಕ್ಷಿಣ ಆಫ್ರಿಕಾ ನಮೀಬಿಯಾವನ್ನು ಅಕ್ರಮವಾಗಿ ಆಳುತ್ತಿದ್ದಾಗ, 1971ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಒಂದು ಅಭಿಪ್ರಾಯ ಕೊಟ್ಟಿತು. ಆಡಳಿತ ಅಕ್ರಮ ನಿಜ, ಆದರೆ ಅದು ಮಾಡಿದ ಜನನ, ಮರಣ, ಮದುವೆಯ ನೋಂದಣಿಯನ್ನು ತಳ್ಳಿಹಾಕಿ ಅಲ್ಲಿನ ಜನರಿಗೆ ತೊಂದರೆ ಕೊಡಬಾರದು ಎಂಬುದು ಅದರ ಸಾರ. ಅದು ಒಂದು ದೇಶದ ಆಡಳಿತದ ಬಗ್ಗೆ ಹೇಳಿದ ಮಾತು. ಸಶಸ್ತ್ರ ಗುಂಪುಗಳ ಕೈಕೆಳಗೆ ಹುಟ್ಟಿದ ಮಕ್ಕಳಿಗೂ ಅದೇ ನ್ಯಾಯ ಸಲ್ಲಬೇಕು ಅಂತ ನಾನು ವಾದಿಸುತ್ತೇನೆ. ಐಸಿಸ್‌ನ ಮೊಹರನ್ನು ಸರ್ಕಾರ ಒಪ್ಪಬೇಕಿಲ್ಲ. ಹೆರಿಗೆ ಮಾಡಿಸಿದ ನರ್ಸ್ ಇದ್ದಾಳೆ, ಆಸ್ಪತ್ರೆಯ ರಿಜಿಸ್ಟರ್ ಇದೆ, ನೆರೆಮನೆಯವರಿದ್ದಾರೆ. ಅವರ ಮಾತನ್ನು ಬರೆದುಕೊಂಡು, ತಂದೆ ಯಾರ ಕಡೆ ಇದ್ದ ಅಂತ ಕೇಳದೆ, ಮಗುವಿನ ಹೆಸರಿಗೆ ಹೊಸ ಪತ್ರ ಕೊಡಬಹುದು.