ದಂಡ ಕಟ್ಟಿದ ಮೇಲೂ ಉಳಿಯುವ ಸಿಟ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

ಜೋರಾಗಿ ಗಾಡಿ ಓಡಿಸಿದ್ದಕ್ಕೆ ದಂಡ ಬಿದ್ದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ಏನು? ‘ಅಯ್ಯೋ, ಅಷ್ಟು ಸ್ಪೀಡಲ್ಲಿ ಹೋದೆನಾ?’ ಅನ್ನುವವರು ಕಡಿಮೆ. ‘ಶುರುವಾಯ್ತು ನೋಡಿ ವಸೂಲಿ’ ಅನ್ನುವವರೇ ಜಾಸ್ತಿ. ತಿಂಗಳ ಕೊನೆ ಅಲ್ವಾ, ಟಾರ್ಗೆಟ್ ಮುಗಿಸಬೇಕು ಅವರಿಗೆ, ಅಂತ ಪಕ್ಕದವರು ದನಿಗೂಡಿಸುತ್ತಾರೆ. ಆ ಹೊತ್ತಿಗೆ ವೇಗದ ಮಾತು ಹಿಂದೆ ಸರಿದಿರುತ್ತದೆ. ಉಳಿಯುವುದು ಪೊಲೀಸರ ಮಾತು ಮಾತ್ರ. ಹಿಂದಿನ ಸೀಟಿನಲ್ಲಿ ಕೂತ ಮಕ್ಕಳು ಇದನ್ನೆಲ್ಲ ಕೇಳಿಸಿಕೊಳ್ಳುತ್ತಾರೆ.

ಈ ಸಿಟ್ಟಿನ ಬಗ್ಗೆ ಇವತ್ತು ಮಾತಾಡಬೇಕು ಅನ್ನಿಸಿದೆ. ಇದರಲ್ಲಿ ನ್ಯಾಯ ಇರುವ ಭಾಗವೂ ಇದೆ, ಇಲ್ಲದ ಭಾಗವೂ ಇದೆ. ಎರಡನ್ನೂ ಬೆರೆಸಿಬಿಟ್ಟರೆ ನಷ್ಟ ಆಗುವುದು ರಸ್ತೆಯಲ್ಲಿ ಓಡಾಡುವ ನಮಗೇ.

ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ತೆಗೆದುಕೊಳ್ಳೋಣ. 2023ರ ಮಾರ್ಚ್ 12ರಂದು ಅದರ ಉದ್ಘಾಟನೆ ಆಯಿತು. ಸುಮಾರು 118 ಕಿಲೋಮೀಟರ್ ಉದ್ದ. ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ದಾರಿ ಒಂದೂವರೆ ಗಂಟೆಯೊಳಗೆ ಮುಗಿಯತೊಡಗಿತು. ಜನ ಖುಷಿಪಟ್ಟರು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಯಾವ ಊರಿನೊಳಗೂ ನುಗ್ಗಬೇಕಿಲ್ಲ. ಆದರೆ ಆ ಒಂದೇ ವರ್ಷ ಈ ದಾರಿಯಲ್ಲಿ 180ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆ ವರ್ಷದ ನಡುವೆಯೇ ಪೊಲೀಸರು ಸ್ಪೀಡ್ ಗನ್ ಹಿಡಿದು ನಿಂತರು. ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ ಅಂತ ಗಟ್ಟಿಯಾಗಿ ಹೇಳಿದರು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಗೆ ಬಿಡುವುದು ನಿಂತಿತು. ಮುಂದೆ ಕ್ಯಾಮೆರಾಗಳೂ ಬಂದವು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ ಎಲ್ಲೇ ಆಗಲಿ, 130 ದಾಟಿದರೆ ದಂಡದ ಜೊತೆ ಎಫ್‌ಐಆರ್ ಕೂಡ ಹಾಕುತ್ತೇವೆ ಎಂದು ಇಲಾಖೆ ಹೇಳಿತು. ಆ ವರ್ಷ ಈ ಹೆದ್ದಾರಿಯಲ್ಲಿ ಸತ್ತವರ ಸಂಖ್ಯೆ ಸುಮಾರು 50ಕ್ಕೆ ಇಳಿಯಿತು.

ಈ ಇಳಿಕೆ ದಂಡ ಒಂದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ರಸ್ತೆಯ ಕೊರತೆಗಳನ್ನೂ ಸರಿಪಡಿಸಿದರು, ಬೈಕುಗಳೂ ಸರ್ವಿಸ್ ರಸ್ತೆಗೆ ಹೋದವು. ಆದರೂ ನೂರಕ್ಕೂ ಹೆಚ್ಚು ಜೀವ ಉಳಿದಿದೆ. ಅವರು ಯಾರು ಅಂತ ನಮಗೆ ಯಾವತ್ತೂ ಗೊತ್ತಾಗುವುದಿಲ್ಲ. ಅವರಿಗೂ ಗೊತ್ತಿಲ್ಲ. ಸಿಟ್ಟು ಮಾತ್ರ ದಂಡ ಕಟ್ಟಿದ ಪ್ರತಿಯೊಬ್ಬರಿಗೂ ಗೊತ್ತಿದೆ.

ಚಾಲಕರು ಹೇಳುವುದನ್ನು ತಳ್ಳಿಹಾಕದೆ ಕೇಳೋಣ. ಒಂದು ದೂರು, ಮರೆಯಲ್ಲಿ ನಿಂತು ಹಿಡಿಯುತ್ತಾರೆ ಅನ್ನುವುದು. ಫ್ಲೈಓವರ್ ಇಳಿಯುವ ಜಾಗದಲ್ಲಿ, ಗಾಡಿ ತಾನಾಗಿಯೇ ವೇಗ ಹಿಡಿಯುವ ಕಡೆ, ಮರದ ನೆರಳಿನಲ್ಲಿ ಇಂಟರ್‌ಸೆಪ್ಟರ್, ಅಂದರೆ ವೇಗ ಅಳೆಯುವ ಪೊಲೀಸ್ ಗಾಡಿ, ನಿಂತಿರುತ್ತದೆ. ಇನ್ನೊಂದು, ದೊಡ್ಡವರ ಕಾರು ಹಾರಿಕೊಂಡು ಹೋದರೂ ಕೈ ಅಡ್ಡ ಮಾಡುವವರಿಲ್ಲ ಅನ್ನುವುದು. ಬಾಡಿಗೆ ಕಾರಿನವರದು ಬೇರೆಯದೇ ಕಷ್ಟ. ಏರ್‌ಪೋರ್ಟಿಗೆ ಬೇಗ ಹೋಗಿ ಅಂತ ಅವಸರ ಮಾಡುವವರು ಹಿಂದೆ ಕೂತವರು. ದಂಡ ಕಟ್ಟುವವನು ಮುಂದೆ ಕೂತವನು. ಅವನಿಗೆ ಸಾವಿರ ರೂಪಾಯಿ ಅಂದರೆ ಆ ದಿನದ ದುಡಿಮೆಯೇ ಹೋದ ಹಾಗೆ.

ಹಾಗಾಗಿಯೇ ಎದುರಿನಿಂದ ಬರುವ ಗಾಡಿಯವನು ಹಗಲಿನಲ್ಲೇ ಎರಡು ಸಲ ಲೈಟ್ ಹೊಡೆಯುತ್ತಾನೆ. ಮುಂದೆ ಪೊಲೀಸ್ ಇದ್ದಾರೆ, ನಿಧಾನ ಮಾಡು ಅಂತ. ಒಬ್ಬರ ಪರಿಚಯ ಒಬ್ಬರಿಗಿಲ್ಲ, ಆದರೂ ಸಹಾಯ ಮಾಡುತ್ತಾರೆ. ಇದನ್ನು ನೋಡಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಅಪರಿಚಿತನಿಗೂ ಎಚ್ಚರಿಕೆ ಕೊಡಬೇಕು ಅನ್ನುವಷ್ಟು ಒಳ್ಳೆಯ ಮನಸ್ಸು ನಮ್ಮ ಚಾಲಕರಲ್ಲಿದೆ. ಆದರೆ ಆ ಎಚ್ಚರಿಕೆ ಪೊಲೀಸರ ಬಗ್ಗೆ. ಮುಂದಿನ ತಿರುವಿನ ಬಗ್ಗೆ ಅಲ್ಲ, ರಸ್ತೆ ದಾಟುತ್ತಿರುವ ಶಾಲೆ ಮಕ್ಕಳ ಬಗ್ಗೆಯೂ ಅಲ್ಲ.

ಸರ್ಕಾರವೂ ಈ ‘ವಸೂಲಿ’ ಮಾತಿಗೆ ಬಲ ಕೊಟ್ಟಿದೆ ಎಂದೇ ನನ್ನ ಅಭಿಪ್ರಾಯ. 2023ರ ಫೆಬ್ರವರಿಯಲ್ಲಿ ಹಳೆಯ ಟ್ರಾಫಿಕ್ ದಂಡಕ್ಕೆ ಶೇಕಡಾ 50 ರಿಯಾಯಿತಿ ಕೊಟ್ಟರು. ಜನ ಠಾಣೆಗಳ ಮುಂದೆ ಸಾಲುಗಟ್ಟಿದರು. ಕೆಲವೇ ದಿನಗಳಲ್ಲಿ 120 ಕೋಟಿ ರೂಪಾಯಿಗೂ ಹೆಚ್ಚು ಬಂತು. ಅದೇ ವರ್ಷ ಮತ್ತೆ ಅವಕಾಶ ಕೊಟ್ಟರು. 2025ರ ಆಗಸ್ಟ್‌ನಲ್ಲಿ ಮತ್ತೆ ಅದೇ. ಬಾಕಿ ಕರಗಿತು, ನಿಜ. ಆದರೆ ದಂಡ ಬಿದ್ದ ವಾರದಲ್ಲೇ ಪೂರ್ತಿ ಹಣ ಕಟ್ಟಿದವರಿಗೆ ಏನನ್ನಿಸಿರಬೇಕು ಹೇಳಿ. ನಿಯಮ ಪಾಲಿಸಿದ್ದೇ ತಪ್ಪಾಯಿತು ಅನ್ನಿಸುವುದಿಲ್ಲವಾ? ಕಾದು ಕೂತವರಿಗೆ ಲಾಭ ಆಯಿತು. ಮುಂದಿನ ದಂಡ ಬಂದಾಗ ಪೂರ್ತಿ ಕಟ್ಟಿದವರೂ ಕಾಯುತ್ತಾರೆ. ಪ್ರಾಣದ ವಿಷಯಕ್ಕೆ ಹಾಕಿದ ದಂಡವನ್ನು ಹಬ್ಬದ ರಿಯಾಯಿತಿಯ ಹಾಗೆ ಅರ್ಧಕ್ಕೆ ಇಳಿಸಿದರೆ, ಅದು ದುಡ್ಡಿನ ವಿಷಯವೇ ಅಂತ ಜನ ಅಂದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ನ್ಯಾಯ ಇಲ್ಲದ ಭಾಗಕ್ಕೆ ಬರುತ್ತೇನೆ. 100ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. 130ರಲ್ಲಿ 36 ಮೀಟರ್. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರ ಶೇಕಡಾ 70ರಷ್ಟು ಜಾಸ್ತಿಯಾಗುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಇಡೀ ದಾರಿ ಹಾಗೆಯೇ ಓಡಿಸಿದರೂ ಉಳಿಯುವುದು ಸುಮಾರು ಹದಿನಾರು ನಿಮಿಷ. 2022ರಲ್ಲಿ ದೇಶದಲ್ಲಿ 1,68,491 ಜನ ರಸ್ತೆ ಅಪಘಾತಗಳಲ್ಲಿ ಸತ್ತರು. ಅದರಲ್ಲಿ ಶೇಕಡಾ 71ರಷ್ಟು ಸಾವಿಗೆ ಅತಿವೇಗವೇ ಕಾರಣ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಪೊಲೀಸರು ಮರದ ಹಿಂದೆ ನಿಂತಿದ್ದರು ಅನ್ನುವುದರಿಂದ ಈ ಲೆಕ್ಕ ಬದಲಾಗುವುದಿಲ್ಲ.

ಹಾಗಾದರೆ ದಂಡ ಹಾಕುತ್ತಲೇ ಇದ್ದರೆ ಸಾಕಾ? ಸಾಲದು. ಕೆನಡಾದ ಒಂಟಾರಿಯೊ ಪ್ರಾಂತ್ಯದ ವೈದ್ಯ ಡೊನಾಲ್ಡ್ ರೆಡೆಲ್ಮಯರ್ ಮತ್ತು ಅವರ ಜೊತೆಗಾರರು ಮಾಡಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಸಂಚಾರ ನಿಯಮ ಮುರಿದು ಶಿಕ್ಷೆಯಾದ ಚಾಲಕರು ಮುಂದಿನ ಒಂದು ತಿಂಗಳಲ್ಲಿ ಸಾವಿನ ಅಪಘಾತಕ್ಕೆ ಸಿಲುಕುವ ಸಾಧ್ಯತೆ ಶೇಕಡಾ 35ರಷ್ಟು ಕಡಿಮೆಯಾಗಿತ್ತು. ಒಂದು ದಂಡದ ಚೀಟಿಗೆ ಅಷ್ಟು ಶಕ್ತಿ ಇದೆ! ಆದರೆ ಎರಡು ತಿಂಗಳಾಗುವಷ್ಟರಲ್ಲಿ ಪರಿಣಾಮ ತಗ್ಗಿತ್ತು. ಮೂರು–ನಾಲ್ಕು ತಿಂಗಳಿಗೆ ಹೆಚ್ಚೇನೂ ಉಳಿದಿರಲಿಲ್ಲ. ಹೆದರಿಕೆ ಬೇಗ ಆರಿಹೋಗುತ್ತದೆ. ನಾವೂ ನೋಡಿದ್ದೇವೆ, ದಂಡ ಬಿದ್ದ ಹೊಸದರಲ್ಲಿ ಸ್ಪೀಡೋಮೀಟರ್ ನೋಡಿ ನೋಡಿ ಓಡಿಸುತ್ತೇವೆ. ಆಮೇಲೆ ಕಾಲು ಮತ್ತೆ ತನ್ನ ಹಳೆ ಅಭ್ಯಾಸಕ್ಕೆ ಹೋಗುತ್ತದೆ.

ಹೆದರಿಕೆ ಆರಿದ ಮೇಲೂ ಉಳಿಯಬೇಕಾದದ್ದು ನಂಬಿಕೆ. ಅದರ ಬಗ್ಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಒಂದು ಪ್ರಯೋಗ ನಡೆಯಿತು. 2009ರ ಕೊನೆಯಿಂದ 2010ರವರೆಗೆ. ಅಲ್ಲಿ ಚಾಲಕರನ್ನು ನಿಲ್ಲಿಸಿ ಕುಡಿದಿದ್ದಾರಾ ಅಂತ ಪರೀಕ್ಷಿಸುವ ತಪಾಸಣೆ ಸಾಮಾನ್ಯ. ವೇಗದ ತಪಾಸಣೆ ಅಲ್ಲ, ಆದರೂ ಪೊಲೀಸರು ಮತ್ತು ಚಾಲಕರು ಮುಖಾಮುಖಿ ಆಗುವ ಹೊತ್ತು ಅದೇ. ಅಂಥ 60 ತಪಾಸಣೆಗಳನ್ನು ಆರಿಸಿದರು. ಅರ್ಧದಷ್ಟು ಕಡೆ ಎಂದಿನಂತೆ ಊದಿಸಿ ಕಳಿಸಿದರು. ಇನ್ನರ್ಧ ಕಡೆ ಪೊಲೀಸರು ಸ್ವಲ್ಪ ಮಾತಾಡಿದರು. ಯಾರನ್ನೂ ಬೊಟ್ಟು ಮಾಡಿ ನಿಲ್ಲಿಸಿಲ್ಲ, ಎಲ್ಲರನ್ನೂ ಒಂದೇ ಥರ ನಿಲ್ಲಿಸುತ್ತಿದ್ದೇವೆ ಎಂದರು. ರಸ್ತೆಯಲ್ಲಿ ಎಷ್ಟು ಜನ ಸತ್ತರು ಎಂದು ತಿಳಿಸಿದರು. ಆ ಸುದ್ದಿಯನ್ನು ಮನೆಯವರಿಗೆ ಹೋಗಿ ಹೇಳುವುದು ತಮ್ಮ ಕೆಲಸದಲ್ಲೇ ಅತಿ ಕಷ್ಟದ್ದು ಎಂದರು. ನಿಮ್ಮ ಊರಿನಲ್ಲಿ ನಾವು ಏನು ಮಾಡಬೇಕು ಎಂದು ಕೇಳಿದರು. ಧನ್ಯವಾದ ಹೇಳಿ ಕಳಿಸಿದರು. ಅಷ್ಟೇ. ಒಂದೆರಡು ನಿಮಿಷದ ಮಾತು. ಆಮೇಲೆ ಚಾಲಕರ ಅಭಿಪ್ರಾಯ ಕೇಳಿದಾಗ, ಮಾತಾಡಿಸಿಕೊಂಡವರಲ್ಲಿ ಪೊಲೀಸರ ಬಗ್ಗೆ ಗೌರವ ಹೆಚ್ಚಿತ್ತು. ಕುಡಿದು ಓಡಿಸುವ ಬಗ್ಗೆ ತಮ್ಮ ಯೋಚನೆ ಬದಲಾಯಿತು ಎಂದವರೂ ಅವರಲ್ಲೇ ಜಾಸ್ತಿ.

ಇದನ್ನು ಕೇಳಿ ಸ್ಕಾಟ್ಲೆಂಡಿನಲ್ಲೂ 2013–14ರ ಕ್ರಿಸ್ಮಸ್ ಸಮಯದ ತಪಾಸಣೆಯಲ್ಲಿ ಮಾಡಿ ನೋಡಿದರು. ಅಲ್ಲಿ ಫಲಿತಾಂಶ ತಲೆಕೆಳಗಾಯಿತು. ಪ್ರಯೋಗ ನಡೆದ ಕಡೆಗಳಲ್ಲೇ ಚಾಲಕರ ಸಮಾಧಾನ ಕಡಿಮೆಯಾಯಿತು. ಯಾಕೆ ಅಂತ ಸಂಶೋಧಕರು ಹಿಂದೆ ಹೋಗಿ ಕೆದಕಿದರು. ಆ ವರ್ಷವಷ್ಟೇ ಅಲ್ಲಿನ ಪ್ರಾದೇಶಿಕ ಪೊಲೀಸ್ ಪಡೆಗಳನ್ನೆಲ್ಲ ಸೇರಿಸಿ ಒಂದೇ ಪಡೆ ಮಾಡಿದ್ದರು. ತಪಾಸಣೆಗೆ ನಿಂತ ಸಿಬ್ಬಂದಿಗೆ ಯಾರೂ ಸರಿಯಾಗಿ ವಿವರಿಸಿರಲಿಲ್ಲ. ಮೇಲಿನಿಂದ ಹೇರಿದ್ದಾರೆ ಎಂಬ ಬೇಸರ ಅವರಲ್ಲಿತ್ತು. ತನ್ನ ಇಲಾಖೆಯೇ ತನ್ನನ್ನು ಗೌರವದಿಂದ ನಡೆಸಿಕೊಳ್ಳುತ್ತಿಲ್ಲ ಅಂದುಕೊಂಡ ಪೊಲೀಸ್, ಕೊಟ್ಟ ಮಾತುಗಳನ್ನು ರಸ್ತೆಯಲ್ಲಿ ಹೇಗೆ ಹೇಳಿಯಾನು?

ನನಗೆ ಈ ಸೋತ ಪ್ರಯೋಗವೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ನಮ್ಮ ಟ್ರಾಫಿಕ್ ಪೊಲೀಸರನ್ನು ನೋಡಿ. ಹೊಗೆ, ಧೂಳು, ಹಾರ್ನ್ ನಡುವೆ ಇಡೀ ಪಾಳಿ ನಿಂತೇ ಇರುತ್ತಾರೆ. ನಿಲ್ಲಿಸಿದ ಹತ್ತು ಜನರಲ್ಲಿ ಒಬ್ಬಿಬ್ಬರು ಫೋನ್ ತೆಗೆದು ‘ಯಾರ ಹತ್ರ ಮಾತಾಡಿಸ್ಲಿ?’ ಅನ್ನುತ್ತಾರೆ. ಸಂಜೆಯ ಹೊತ್ತಿಗೆ ಅವರ ದನಿ ಗಡುಸಾಗಿರುತ್ತದೆ. ಹನ್ನೊಂದನೆಯ ಚಾಲಕ ಮರ್ಯಾದೆಯಿಂದ ಕೇಳಿದರೂ ಸಿಗುವುದು ಅದೇ ಗಡುಸು ಉತ್ತರ. ಅವನು ಅದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾನೆ. ಪೊಲೀಸರಿಗೆ ಸರಿಯಾದ ವಿರಾಮ, ನೆರಳು, ನೀರು, ಮೇಲಧಿಕಾರಿಗಳ ಬೆಂಬಲ ಕೊಡದೆ ಒಳ್ಳೆಯ ನಡತೆ ಕೇಳುವುದು ಸುಮ್ನೆ ಬಾಯಿಮಾತು.

ಹಾಗಂತ ತಪಾಸಣೆಯ ರೀತಿ ಮುಖ್ಯವಲ್ಲ ಅನ್ನುವ ಹಾಗೂ ಇಲ್ಲ. 2025ರ ಮೇ ತಿಂಗಳ ಕೊನೆಯಲ್ಲಿ ಮಂಡ್ಯದಲ್ಲಿ ನಡೆದದ್ದನ್ನು ಮರೆಯಲು ಆಗುವುದಿಲ್ಲ. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಬೈಕನ್ನು ತಪಾಸಣೆಗೆ ಅಡ್ಡಗಟ್ಟಿದಾಗ ಬಿದ್ದು, ಆ ಪುಟ್ಟ ಹುಡುಗಿ ಸತ್ತಳು. ಮೂವರು ಎಎಸ್‌ಐಗಳನ್ನು ಅಮಾನತು ಮಾಡಿದರು. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಗಾಡಿ ನಿಲ್ಲಿಸಬೇಡಿ, ಕೀ ಕಿತ್ತುಕೊಳ್ಳಬೇಡಿ ಎಂದು ರಾಜ್ಯದ ಪೊಲೀಸ್ ಮುಖ್ಯಸ್ಥರು ಸೂಚನೆ ಹೊರಡಿಸಿದರು. ರಸ್ತೆಯಲ್ಲಿ ಜೀವ ಉಳಿಸಲು ಮಾಡುವ ತಪಾಸಣೆ ಒಂದು ಜೀವ ತೆಗೆಯಿತು. ಆ ವಾರ ಸಿಟ್ಟಾದ ಚಾಲಕರ ಸಿಟ್ಟು ಪೂರ್ತಿ ನ್ಯಾಯವಾದದ್ದು.

ಈಗ ಮುಖಾಮುಖಿ ಕಡಿಮೆಯಾಗುತ್ತಿದೆ, ಕ್ಯಾಮೆರಾ ಜಾಸ್ತಿಯಾಗುತ್ತಿದೆ. ಕ್ಯಾಮೆರಾಕ್ಕೆ ಜಾತಿ ಗೊತ್ತಿಲ್ಲ, ಎಂಎಲ್ಎ ಪಾಸ್ ಗೊತ್ತಿಲ್ಲ, ಲಂಚ ಕೇಳುವುದೂ ಇಲ್ಲ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಕೊರತೆ ಒಂದೇ, ಕ್ಯಾಮೆರಾ ವಿವರಿಸುವುದಿಲ್ಲ. ಆದ್ದರಿಂದ ಇಲಾಖೆಗೆ ನನ್ನದೊಂದು ಕೋರಿಕೆ. ದಂಡದ ನೋಟಿಸಿನಲ್ಲಿ ಇನ್ನೊಂದು ಸಾಲು ಸೇರಿಸಿ. ಈ ಜಾಗದಲ್ಲಿ ಕಳೆದ ವರ್ಷ ಇಷ್ಟು ಅಪಘಾತ ಆಗಿದೆ, ಇಷ್ಟು ಜನ ಸತ್ತಿದ್ದಾರೆ, ಅದಕ್ಕೇ ಇಲ್ಲಿ ಈ ಮಿತಿ ಎಂದು ಬರೆಯಿರಿ. ಲೆಕ್ಕ ನಿಮ್ಮ ಠಾಣೆಗಳಲ್ಲೇ ಇದೆ.

ಚಾಲಕರಿಗೂ ಒಂದು ಮಾತು. ದಂಡ ಬಂದಾಗ ಬೈಯುವ ಮೊದಲು ಸಾಕ್ಷಿ ನೋಡಿ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮ ಸೇರಿದೆ. ಅದರ ಪ್ರಕಾರ ಕ್ಯಾಮೆರಾ ಹಿಡಿದ ತಪ್ಪಿನ ನೋಟಿಸನ್ನು 15 ದಿನದೊಳಗೆ ಕಳಿಸಬೇಕು. ಗಾಡಿಯ ನಂಬರ್ ಕಾಣುವ ಫೋಟೋ, ಯಂತ್ರ ಅಳೆದ ವೇಗ, ದಿನ, ಸಮಯ, ಜಾಗ ಎಲ್ಲ ಅದರಲ್ಲಿರಬೇಕು. ಕ್ಯಾಮೆರಾ ಇರುವ ಕಡೆ ಎಚ್ಚರಿಕೆಯ ಫಲಕವೂ ಎದ್ದು ಕಾಣುವಂತೆ ಇರಬೇಕು. ಇವುಗಳಲ್ಲಿ ಏನಾದರೂ ಇಲ್ಲದಿದ್ದರೆ, ನಂಬರ್ ನಿಮ್ಮದಲ್ಲದಿದ್ದರೆ, ಠಾಣೆಗೆ ಹೋಗಿ ಕೇಳಿ, ಬರೆದು ಕೊಡಿ. ಅದು ನಿಮ್ಮ ಹಕ್ಕು. ಎಲ್ಲವೂ ಸರಿ ಇದ್ದರೆ ರಿಯಾಯಿತಿಗೆ ಕಾಯದೆ ಕಟ್ಟಿಬಿಡಿ.

ಮತ್ತೆ, ದಂಡ ಇದೆ ಎಂದು ಹೇಳಿ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಕಳಿಸುವ ಮೋಸಗಾರರಿದ್ದಾರೆ. ಅದನ್ನು ತೆರೆದರೆ ಬ್ಯಾಂಕಿನ ಹಣ ಹೋಗುತ್ತದೆ. ಅಂಥದ್ದು ಬಂದರೆ ಮುಟ್ಟಬೇಡಿ. ಗಾಡಿ ನಂಬರ್ ಹಾಕಿ ಪೊಲೀಸರ ಅಧಿಕೃತ ವೆಬ್‌ಸೈಟಿನಲ್ಲಿ, ಇಲ್ಲವೇ ಹತ್ತಿರದ ಟ್ರಾಫಿಕ್ ಠಾಣೆಯಲ್ಲಿ ವಿಚಾರಿಸಿಕೊಳ್ಳಿ. ನಮಸ್ಕಾರ.