ಉರಿದರೆ ಮದ್ದು ನಾಟಿತೇ?

ನಮಸ್ಕಾರ. ಸೈಕಲ್ಲಿನಿಂದ ಬಿದ್ದು ಮಂಡಿ ತರಚಿಕೊಂಡು ಬಂದ ಮಗುವನ್ನು ಬಚ್ಚಲ ಕಟ್ಟೆಯ ಮೇಲೆ ಕೂರಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಒತ್ತಿ, ಅದು ಚೀರಿದಾಗ ‘ಉರಿದರೇ ಮದ್ದು ನಾಟಿದ ಹಾಗೆ’ ಎಂದು ಸಂತೈಸುವುದು ನಮ್ಮ ಮನೆಗಳ ವಾಡಿಕೆ. ನಮ್ಮಜ್ಜಿ ನನಗೆ ಹಾಗೆ ಹೇಳಿದ್ದರು. ನಾನೂ ಮಗಳಿಗೆ ಹೇಳಿದ್ದೇನೆ. ಆ ಮಾತು ತಪ್ಪು. ಸ್ಪಿರಿಟ್ಟು ಗಾಯವಿಲ್ಲದ ಚರ್ಮವನ್ನು ಒರೆಸಲು ಇರುವುದೇ ಹೊರತು ತೆರೆದ ಗಾಯಕ್ಕೆ ಸುರಿಯಲು ಅಲ್ಲ.

ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುರಬುರನೆ ಏಳುವ ಬಿಳಿ ನೊರೆಯನ್ನು ಕ್ರಿಮಿಗಳು ಸಾಯುತ್ತಿರುವ ಗುರುತೆಂದು ನಂಬುವವರೂ ಬಹಳ. ನಮ್ಮದೇ ರಕ್ತದಲ್ಲಿರುವ ಕೆಟಲೇಸ್ ಎಂಬ ಕಿಣ್ವವು ಆ ದ್ರವವನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ಬರುವ ಗುಳ್ಳೆಗಳವು. ಒಂದು ಕ್ರಿಮಿಯೂ ಇಲ್ಲದ ರಕ್ತದ ಮೇಲೆ ಸುರಿದರೂ ಹಾಗೆಯೇ ನೊರೆಯೇಳುತ್ತದೆ. ಕ್ರಿಮಿಯನ್ನು ಕೊಲ್ಲುವ ದ್ರವಕ್ಕೆ ಹೊಸ ಚರ್ಮ ಕಟ್ಟುವ ಜೀವಕೋಶ ಯಾವುದು ಎಂಬ ವಿವೇಚನೆ ಇರುವುದಿಲ್ಲ.

ಇದು ಇಂದು ನಿನ್ನೆ ತಿಳಿದದ್ದೇನಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಬೂಲೋನ್‌ನಲ್ಲಿ ಗಾಯಾಳು ಸೈನಿಕರನ್ನು ನೋಡುತ್ತಿದ್ದ, ಮುಂದೆ ಪೆನಿಸಿಲಿನ್ ಕಂಡುಹಿಡಿದ ವೈದ್ಯ ಅಲೆಕ್ಸಾಂಡರ್ ಫ್ಲೆಮಿಂಗ್, ಗಾಜಿನ ನಳಿಕೆಯೊಂದನ್ನು ಕಾಯಿಸಿ ಎಳೆದು, ಸಂದುಗೊಂದುಗಳಿರುವ ಕೃತಕ ಗಾಯವನ್ನೇ ಮಾಡಿ, ನಂಜುನಾಶಕವು ಆ ಸಂದುಗಳ ಆಳಕ್ಕೆ ತಲುಪುವುದಿಲ್ಲವೆಂದು ತೋರಿಸಿದರು; ಅಷ್ಟೇ ಅಲ್ಲ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನೇ ಅದು ಕೊಲ್ಲುತ್ತದೆಂದು ಎಚ್ಚರಿಸಿದರು. ಹಾಗೆಂದು ನಂಜುನಾಶಕಗಳನ್ನೆಲ್ಲ ಕಸಕ್ಕೆ ಎಸೆಯಿರೆಂದು ನಾನು ಹೇಳುತ್ತಿಲ್ಲ. 1867ರಲ್ಲಿ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲವೆಂಬ ನಂಜುನಾಶಕದ ಬಳಕೆಯನ್ನು ಪ್ರಕಟಿಸುವ ಮುನ್ನ ಎಷ್ಟೋ ಕೈಕಾಲುಗಳನ್ನು ಕತ್ತರಿಸದೆ ಗತಿಯಿರಲಿಲ್ಲ.

ಸಾಧಾರಣ ತರಚುಗಾಯಕ್ಕೆ ಕುಡಿಯಲು ಯೋಗ್ಯವಾದ ನೀರನ್ನು ಧಾರಾಳವಾಗಿ ಹರಿಸಿ, ಮಣ್ಣು ಮರಳು ಹೋದ ಮೇಲೆ ಶುದ್ಧ ಬಟ್ಟೆಯಿಂದ ಮುಚ್ಚಿದರೆ ಬಹುಪಾಲು ಕೆಲಸ ಮುಗಿಯಿತು. ನಾಯಿ ಕಚ್ಚಿದ ಗಾಯದ ವಿಷಯವೇ ಬೇರೆ: ರೇಬೀಸ್ ವೈರಾಣುವಿಗೆ ಕೊಬ್ಬಿನ ಹೊದಿಕೆ ಇರುವುದರಿಂದ ಸೋಪು ಅದನ್ನು ಕರಗಿಸುತ್ತದೆ, ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ, ಅರಿಸಿನ, ಸುಣ್ಣ, ಖಾರದಪುಡಿ ಏನನ್ನೂ ಮೆತ್ತದೆ, ಅಂದೇ ಲಸಿಕೆಗೆ ಹೋಗಬೇಕು. ಆದರೆ ಅದೇ ಅಯೋಡಿನ್ನನ್ನು ನವಜಾತ ಶಿಶುವಿಗಾಗಲಿ, ವಿಸ್ತಾರವಾದ ಸುಟ್ಟಗಾಯಕ್ಕಾಗಲಿ ನಾವೇ ಬಳಿಯಬಾರದು. ಅದು ಒಳಗೆ ಹೀರಿಕೊಂಡು ಥೈರಾಯ್ಡ್ ಗ್ರಂಥಿಯ ಕೆಲಸವನ್ನು ಕೆಡಿಸಬಲ್ಲದು.

ನೀರು ಬೆರೆಸಿದರೆ ಹಾಲಿನಂತೆ ಬೆಳ್ಳಗಾಗುವ ಡೆಟಾಲ್ ಎಂಬ ಕಂದು ದ್ರವವನ್ನು ನೀರು ಬೆರೆಸದೆಯೇ ಹಚ್ಚುವವರನ್ನೂ ಕಂಡಿದ್ದೇನೆ. ಎಷ್ಟು ನೀರಿಗೆ ಎಷ್ಟು ಎಂಬುದು ಬಾಟಲಿಯ ಮೇಲೆಯೇ ಅಚ್ಚಾಗಿರುತ್ತದೆ. ಇದರಲ್ಲಿ ನನಗೆ ಹೆಚ್ಚು ಆತಂಕವಿರುವುದು ಸಕ್ಕರೆ ಕಾಯಿಲೆಯವರ ಪಾದಗಳ ಬಗ್ಗೆ. ಪಾದದ ನರಗಳು ಸೊರಗಿ ಸ್ಪರ್ಶ ಹೋಗಿರುವವರಿಗೆ ಏನು ಸುರಿದರೂ ಉರಿಯುವುದಿಲ್ಲ. ಉರಿಯಲಿಲ್ಲವಲ್ಲ, ಮದ್ದು ಸಾಲದೆಂದು ಅವರು ಇನ್ನೊಂದು ಮುಚ್ಚಳ ಸುರಿದುಕೊಳ್ಳುತ್ತಾರೆ.